ಕೆಚುವಾ ಭಾಷೆಯಲ್ಲಿ ಸ್ವರ ಮೂರಾ, ಐದಾ? 'ತ' ಮೂರು ಥರ ಹೇಗೆ?

ಮಳೆಕಾಡು:
ಕುಸ್ಕೊ ಕಡೆಯ ಕೆಚುವಾ ಕಲಿಯಲು ಶುರು ಮಾಡಿದ್ದೇನೆ. ಪೆರು ದೇಶದ ಆಂಡಿಸ್ ಬೆಟ್ಟಸಾಲಿನ ಭಾಷೆ, ಇಂಕಾ ದೊರೆಗಳ ಆಡಳಿತದಲ್ಲಿ ಬಳಕೆಯಲ್ಲಿದ್ದದ್ದು. 2017ರ ಜನಗಣತಿಯಲ್ಲಿ ಪೆರುವಿನಲ್ಲೇ 37 ಲಕ್ಷಕ್ಕೂ ಹೆಚ್ಚು ಜನ ಇದನ್ನು ತಾಯ್ನುಡಿ ಅಂತ ಬರೆಸಿದ್ದಾರೆ. ವ್ಯಾಕರಣ ನೋಡಿ ಖುಷಿಯಾಯಿತು. ಪದದ ಹಿಂದೆ ಪ್ರತ್ಯಯಗಳ ಸಾಲು, ಕ್ರಿಯಾಪದ ಕೊನೆಗೆ. ನಮಗೆ ಹೊಸದೇನಲ್ಲ. ಸಿಕ್ಕಿಹಾಕಿಕೊಂಡಿರುವುದು ಉಚ್ಚಾರಣೆಯಲ್ಲಿ.

ಮೊದಲನೆಯದು: 'ತನ್ತ' ಅಂದರೆ ಕೂಡಿಸಿದ್ದು, ಒಟ್ಟು ಸೇರಿದ್ದು. 'ಥನ್ತ' ಅಂದರೆ ಹಳೆಯದು, ಸವೆದು ಹರಿದದ್ದು. ಇನ್ನೊಂದು 'ತ'ನ್ತ', ಬ್ರೆಡ್. ಈ ಮೂರನೆಯದು ನನ್ನ ಕಿವಿಗೆ ಮೊದಲನೆಯದರ ಹಾಗೇ ಕೇಳುತ್ತದೆ. ಏನು ವ್ಯತ್ಯಾಸ?

ಎರಡನೆಯದು: ಹೃದಯಕ್ಕೆ ಒಂದು ಪುಸ್ತಕದಲ್ಲಿ 'ಸೊನ್ಕೊ', ಇನ್ನೊಂದರಲ್ಲಿ 'ಸುನ್ಕು'. ಒಂದರ ಪ್ರಕಾರ ಸ್ವರಗಳು ಐದು, ಇನ್ನೊಂದರ ಪ್ರಕಾರ ಮೂರೇ. ಆದರೆ ಎರಡೂ ಕುಸ್ಕೊ ಭಾಷೆಯವೇ. ಯಾವುದು ಸರಿ?

ದನಿಪೆಟ್ಟಿಗೆ:
ಎರಡೂ ಒಳ್ಳೆಯ ಪ್ರಶ್ನೆ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ, ಅದು ದೊಡ್ಡ ಜಗಳ.

ನಮ್ಮಲ್ಲಿ ಕ ಮತ್ತು ಖ ಇವೆ, ಅಲ್ಪಪ್ರಾಣ ಮತ್ತು ಮಹಾಪ್ರಾಣ. ಕುಸ್ಕೊ ಕೆಚುವಾದಲ್ಲಿ ಈ ಎರಡೂ ಇವೆ. ಜೊತೆಗೆ ಮೂರನೆಯ ಸಾಲೊಂದು ಇದೆ. ಅದರಲ್ಲಿ ಶ್ವಾಸಕೋಶದ ಗಾಳಿ ಬಳಸುವುದಿಲ್ಲ. ನಾಲಿಗೆ ಬಾಯಲ್ಲಿ ದಾರಿ ಮುಚ್ಚುತ್ತದೆ, ಅದೇ ಹೊತ್ತಿಗೆ ಗಂಟಲಲ್ಲಿ ಧ್ವನಿತಂತುಗಳೂ ಮುಚ್ಚಿಕೊಳ್ಳುತ್ತವೆ. ಧ್ವನಿಪೆಟ್ಟಿಗೆ ಸ್ವಲ್ಪ ಮೇಲೆ ಏರುತ್ತದೆ. ನಡುವೆ ಸಿಕ್ಕಿಬಿದ್ದ ಗಾಳಿಗೆ ಒತ್ತಡ ಬರುತ್ತದೆ. ಮೊದಲು ನಾಲಿಗೆ ಬಿಡಬೇಕು, ಆಮೇಲೆ ಗಂಟಲು. ಆಗ 'ಟಕ್' ಅಂತ ಸಿಡಿದ ಹಾಗೆ ಸದ್ದು ಬರುತ್ತದೆ.

ಒಟ್ಟು ಐದು ಜಾಗ: ಪ, ತ, ಚ, ಕ, ಮತ್ತು ಇನ್ನೂ ಆಳದ ಒಂದು ಕ. ಪ್ರತಿ ಜಾಗದಲ್ಲೂ ಮೂರು ಥರ. 5 ಗುಣಿಸು 3, ಅಂದರೆ 15. ಆದರೆ ಗ, ದ, ಬ ಇಲ್ಲವೇ ಇಲ್ಲ, ಸ್ಪ್ಯಾನಿಷ್‌ನಿಂದ ಬಂದ ಪದ ಬಿಟ್ಟರೆ. ನಮ್ಮ ವರ್ಗದ ಸಾಲಿನಲ್ಲಿ ಕ, ಖ ಇಟ್ಟುಕೊಂಡು ಗ, ಘ ಕಿತ್ತು, ಆ ಜಾಗಕ್ಕೆ ಕ' ಕೂರಿಸಿದರೆ ಅವರ ಸಾಲು.

ಇಲ್ಲಿ ಬರೆಯುವಾಗ ಸಿಡಿಯುವ ಸದ್ದಿಗೆ ' ಗುರುತು, ಆಳದ ಕಕಾರಕ್ಕೆ ಕೆಳಗೆ ಚುಕ್ಕಿ (ಕ಼) ಅಂತ ಇಟ್ಟುಕೊಳ್ಳೋಣ. ಇನ್ನೊಂದು ಮಾತು: ಫ ಬರೆದರೆ ಕಾಫಿಯ ಫ ಅಂತ ಓದಬೇಡಿ. ಫಲಕ್ಕೆ ಹಳೇ ಮೇಷ್ಟ್ರುಗಳು ಹೇಳಿಕೊಡುತ್ತಿದ್ದರಲ್ಲ, ತುಟಿ ಮುಚ್ಚಿ ಬಿಡುವ ಫ, ಅದು.

ಕಪ್ಪೆಚಿಪ್ಪು:
ಇಷ್ಟೊಂದು ಸೂಕ್ಷ್ಮ ವ್ಯತ್ಯಾಸ ಮಾತಿನ ಭರದಲ್ಲಿ ಯಾರಿಗೆ ಕೇಳುತ್ತೆ ಸ್ವಾಮಿ? ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ ಅಷ್ಟೇ.

ದನಿಪೆಟ್ಟಿಗೆ:
@ಕಪ್ಪೆಚಿಪ್ಪು ಅವರಿಗೆ ಇದು ಸೂಕ್ಷ್ಮ ಅಲ್ಲ. 'ಚಕಿ' ಅಂದರೆ ಕಾಲು, 'ಚ'ಕಿ' ಅಂದರೆ ಒಣಗಿದ್ದು. 'ಕನ್ಕ' ಸುಟ್ಟ ಮಾಂಸ, 'ಕ'ನ್ಕ' ಹುಂಜ. ಊಟಕ್ಕೆ ಕೂತಾಗ ಸಂದರ್ಭ ಎಷ್ಟು ಸಹಾಯ ಮಾಡುತ್ತೆ ಹೇಳಿ! ನನಗೆ ತುಂಬಾ ಇಷ್ಟವಾದ ಜೋಡಿ 'ವಕ' ಮತ್ತು 'ವಕ''. ಮೊದಲನೆಯದು ಹಸು, ಸ್ಪ್ಯಾನಿಷ್‌ನ 'ವಾಕಾ' ಇಂದ ಬಂದದ್ದು. ಎರಡನೆಯದು ಪವಿತ್ರ ಸ್ಥಳ. ದೇವರಿರುವ ಬಂಡೆ, ಬುಗ್ಗೆ, ಗುಡಿ, ಎಲ್ಲದಕ್ಕೂ ಆ ಮಾತು ಸಲ್ಲುತ್ತದೆ.

ತಮಿಳರಿಗೆ ನಮ್ಮ ಕ–ಗ ವ್ಯತ್ಯಾಸ ಬರಹದಲ್ಲಿ ಬೇಕಾಗಿಲ್ಲ, ನಮಗೆ ಬೇಕು. ಕಾಳಿ, ಗಾಳಿ ಎರಡನ್ನೂ ನಾವು ಸಂದರ್ಭ ನೋಡಿ ಗುರುತಿಸುತ್ತೇವಾ? ಕಿವಿಯೇ ಹೇಳುತ್ತದೆ.

ಹಳೇಮೇಷ್ಟ್ರು:
ಈ ಸದ್ದು ನನಗೆ ಪರಿಚಯ. ಕೆಚುವಾದಿಂದ ಅಲ್ಲ, ಇಥಿಯೋಪಿಯಾದಿಂದ. ಅಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅಮ್ಹಾರಿಕ್ ಭಾಷೆಯಲ್ಲೂ ಇಂಥ ತ', ಕ', ಚ' ಇವೆ. ಅವರ ನಮಸ್ಕಾರದ ಮಾತಿನಲ್ಲೇ ಇದೆ, 'ತೆ'ನಾ ಯಿಸ್ತಿ'ಲ್ಲಿಞ್'. ಎರಡು ಸಲ ಸಿಡಿಸಬೇಕು. ನಾನು ನಮ್ಮ ತಕಾರ ಹಾಕಿ ಹೇಳಿದರೆ ಮಕ್ಕಳು ಕಿಸಕ್ಕಂತ ನಗುತ್ತಿದ್ದವು.

ಅಲ್ಲಿನ ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟ ಉಪಾಯ ಇದು. ಪೂರ್ತಿ ಉಸಿರು ಹೊರಗೆ ಬಿಡಿ. ಉಸಿರು ಕಟ್ಟಿ. ಉಸಿರು ತೆಗೆದುಕೊಳ್ಳದೆ 'ಕ್' ಅನ್ನಲು ನೋಡಿ, ಸ್ವರ ಸೇರಿಸಬೇಡಿ. ಆಗ ಬರುವುದು ಕ'. ಶ್ವಾಸಕೋಶ ಖಾಲಿ ಇದ್ದರೂ ಸದ್ದು ಬರುತ್ತದೆ, ಏಕೆಂದರೆ ಅದಕ್ಕೆ ಶ್ವಾಸಕೋಶವೇ ಬೇಡ. ಆಮೇಲೆ ನಿಧಾನಕ್ಕೆ 'ಅ' ಸೇರಿಸಿ. ನಡುವೆ ಚೂರು ಬಿಡುವು ಇರಲಿ. ಖಕಾರದ ಹಾಗೆ ಗಾಳಿ ಊದಬಾರದು. ಬಾಯಿ ಮುಂದೆ ತೆಳು ಕಾಗದ ಹಿಡಿದುಕೊಳ್ಳಿ. ಥ ಅಂದರೆ ಕಾಗದ ಚೆನ್ನಾಗಿ ಅಲ್ಲಾಡಬೇಕು, ತ' ಅಂದರೆ ಅಷ್ಟು ಅಲ್ಲಾಡಬಾರದು.

ಮಳೆಕಾಡು:
ಮೇಷ್ಟ್ರೇ, ನಮಸ್ಕಾರ. ಬಂತು! ಕ' ಬಂತು, ಚ' ಕೂಡ. ಪ' ಮಾತ್ರ ಬರ್ತಾ ಇಲ್ಲ, ಬರೀ ತುಟಿ ಸದ್ದಾಗುತ್ತೆ.

ಹಳೇಮೇಷ್ಟ್ರು:
ಪ' ಕಷ್ಟವೇ. ತುಟಿಯಿಂದ ಗಂಟಲಿನವರೆಗೆ ಜಾಗ ಜಾಸ್ತಿ, ಅಷ್ಟು ಗಾಳಿಗೆ ಒತ್ತಡ ಕೊಡುವುದು ಸುಲಭ ಅಲ್ಲ. ಕಕಾರದಲ್ಲಿ ಚಿಕ್ಕ ಜಾಗ, ಬೇಗ ಒತ್ತಡ ಬರುತ್ತದೆ. ಕ' ಗಟ್ಟಿ ಮಾಡಿಕೊಂಡು ಆಮೇಲೆ ಪ' ಕಡೆ ಬನ್ನಿ.

ಗುಮ್ಮಟನಗರಿ:
ಆಳದ ಕಕಾರ ಅಂದ್ರಲ್ಲ, ಅದು ಅರಬ್ಬಿಯ 'ಕಾಫ್' ಅಕ್ಷರದ ಸದ್ದೇ ಅಲ್ವಾ? ಕುರಾನ್ ಓದೋದು ಕಲಿಸುವಾಗ ಉಸ್ತಾದರು ಕಿರುನಾಲಿಗೆ ಹತ್ತಿರದಿಂದ ಬರಬೇಕು ಅಂತ ತಿದ್ದುತ್ತಿದ್ದರು. ಮನೆಯಲ್ಲಿ ನಮ್ಮ ದಖ್ನಿ ಮಾತಿನಲ್ಲಿ ಅದು ಇಲ್ಲ. ದಿಲ್ಲಿ ಕಡೆಯವರು 'ಕ಼ಲಮ್' ಅಂದರೆ ನಾವು ಗಂಟಲು ಉಜ್ಜಿ 'ಖಲಂ' ಅಂತೀವಿ. ಉತ್ತರದವರು ಇದಕ್ಕೇ ನಮ್ಮನ್ನು ಆಡಿಕೊಳ್ಳುತ್ತಾರೆ.

ದನಿಪೆಟ್ಟಿಗೆ:
@ಗುಮ್ಮಟನಗರಿ ಅದೇ ಸದ್ದು! ನಿಮ್ಮ ದಖ್ನಿಯಲ್ಲಿ ಆಗಿದ್ದೇ ಪೆರುವಿನಲ್ಲೂ ಆಗಿದೆ. ಕುಸ್ಕೊದಿಂದ ಪಶ್ಚಿಮಕ್ಕೆ ಅಯಾಕುಚೊ ಅಂತ ಸೀಮೆ ಇದೆ. ಅಲ್ಲಿನ ಕೆಚುವಾದಲ್ಲಿ ಕ಼ ಹೋಗಿ ಗಂಟಲು ಉಜ್ಜುವ ಸದ್ದು ಬಂದಿದೆ, ನಿಮ್ಮ 'ಖಲಂ' ಇದ್ದ ಹಾಗೆ. ಕುಸ್ಕೊದಲ್ಲೂ ಪದದ ಕೊನೆಯಲ್ಲಿ ಬಂದರೆ ಹಾಗೇ ಆಗುತ್ತದೆ.

ಕ ಮತ್ತು ಕ಼ ಬೇರೆ ಅನ್ನುವುದಕ್ಕೆ ಒಂದು ಜೋಡಿ ಸಾಕು. 'ಕಿರು' ಅಂದರೆ ಹಲ್ಲು. 'ಕ಼ಿರು' ಅಂದರೆ ಮರದ ಕುಡಿಯುವ ಲೋಟ. ಇಂಕಾ ಕಾಲದ ಬಣ್ಣ ಬಳಿದ ಲೋಟಗಳು ಮ್ಯೂಸಿಯಂಗಳಲ್ಲಿ ಇವೆ. ಅಲ್ಲಿನ ಚೀಟಿಯಲ್ಲಿ 'ಕೆರೊ' ಅಂತ ಬರೆದಿರುತ್ತಾರೆ. ಇಕಾರ ಎಕಾರ ಆಗಿದ್ದು, ಉಕಾರ ಒಕಾರ ಆಗಿದ್ದು ಗಮನಿಸಿ. ಇಲ್ಲಿಂದಲೇ ಮಳೆಕಾಡು ಅವರ ಎರಡನೇ ಪ್ರಶ್ನೆ ಶುರು.

ಕೆಚುವಾಕ್ಕೆ ಮೂಲದಲ್ಲಿ ಮೂರೇ ಸ್ವರ: ಅ, ಇ, ಉ. ಆದರೆ ಪಕ್ಕದಲ್ಲಿ ಕ಼ ಬಂದರೆ ನಾಲಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಗ ಇ ಕೆಳಗಿಳಿದು ಎ ಥರ ಕೇಳುತ್ತದೆ, ಉ ಇಳಿದು ಒ ಥರ. ನಡುವೆ ಒಂದು ವ್ಯಂಜನ ಇದ್ದರೂ ಪ್ರಭಾವ ತಟ್ಟುತ್ತದೆ. 'ಉರ್ಕ಼ು' (ಬೆಟ್ಟ) ಕೇಳಲು 'ಒರ್ಕ಼ೊ'. 'ಪಿರ್ಕ಼' (ಗೋಡೆ) ಕೇಳಲು 'ಪೆರ್ಕ಼'. 'ಸುನ್ಕ಼ು' ಕೇಳಲು 'ಸೊನ್ಕ಼ೊ'. ಕ಼ ಇಲ್ಲದ ಕಡೆ, 'ವಸಿ' (ಮನೆ), 'ಸಿಮಿ' (ಬಾಯಿ, ಮಾತು) ಇಂಥವುಗಳಲ್ಲಿ ಸ್ವರ ಇಳಿಯುವುದಿಲ್ಲ.

ಇದಕ್ಕೆ ಈಕ್ವಡಾರ್ ಕಡೆ ಚಂದದ ಸಾಕ್ಷಿ ಇದೆ. ಅಲ್ಲಿನ ಕೆಚುವಾದಲ್ಲಿ (ಅವರು ಕಿಚ್ವಾ ಅಂತಾರೆ) ಕ಼ ಹೋಗಿ ಮಾಮೂಲಿ ಕಕಾರದಲ್ಲಿ ಸೇರಿಕೊಂಡಿದೆ. ಅಲ್ಲಿ ಹೃದಯಕ್ಕೆ 'ಶುಂಗು' ಅಂತಾರೆ. ಕ಼ ಹೋದ ಕೂಡಲೇ ಒಕಾರದ ಸುಳಿವೂ ಇಲ್ಲ! (ಗಕಾರ ಎಲ್ಲಿಂದ ಬಂತು ಅಂದರೆ, ಅಲ್ಲಿ ಅನುನಾಸಿಕದ ನಂತರದ ಕ, ತ, ಪಗಳು ತಮಿಳಿನ ಹಾಗೆ ಗ, ದ, ಬ ಆಗುತ್ತವೆ. ಬ್ರೆಡ್ಡಿಗೂ ಅಲ್ಲಿ 'ತಂದ'.)

ಕಪ್ಪೆಚಿಪ್ಪು:
ಸರಿ, ಆದರೂ ಜನ ಒ ಅಂತ ಹೇಳ್ತಾರೆ ಅಂದಮೇಲೆ ಒ ಅಂತ ಬರೆಯೋದರಲ್ಲಿ ಏನು ತಪ್ಪು? ಕನ್ನಡದಲ್ಲಿ ಆಡಿದಂತೆ ಬರೆಯುತ್ತೇವೆ. ಅವರೂ ಹಾಗೇ ಮಾಡಲಿ. ಮೂರು ಸ್ವರ ಅನ್ನೋದು ಪಂಡಿತರ ಲೆಕ್ಕ.

ಅಚ್ಚಗನ್ನಡಿಗ:
ಆಡಿದಂತೆ ಬರೆಯುತ್ತೇವಾ? 'ಎಲ್ಲಿ' ಅಂತ ಬರೆದು ಎಷ್ಟೋ ಜನ 'ಯೆಲ್ಲಿ' ಅಂತೀವಿ. 'ಒಂದು' ಬರೆದು 'ವೊಂದು' ಅಂತೀವಿ. ಪದದ ಶುರುವಿನ ಎಕಾರಕ್ಕೆ ಯ, ಒಕಾರಕ್ಕೆ ವ ತಾನಾಗಿ ಬರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ, ಬರೆಯಬೇಕು ಅಂತಾನೂ ಯಾರಿಗೂ ಅನಿಸುವುದಿಲ್ಲ. ನಮ್ಮ ಕಿವಿಗೆ ಅದು ಬೇರೆ ಸದ್ದು ಅಂತ ಗೊತ್ತೇ ಆಗುವುದಿಲ್ಲ. ಹೊರಗಿನವನೊಬ್ಬ ಬಂದು 'ನೀವು ವೊಂದು ಅಂತೀರಿ, ಹಾಗೇ ಬರೀರಿ' ಅಂದರೆ ಒಪ್ಪುತ್ತೇವಾ?

ಇನ್ನು ಮಹಾಪ್ರಾಣ. ಅದು ನಮ್ಮ ಆಡುಮಾತಿನಲ್ಲಿ ಬಹುಮಟ್ಟಿಗೆ ಇಲ್ಲ, ಬರಹದಲ್ಲಿ ಮಾತ್ರ ಇದೆ. 'ಎಲ್ಲರ ಕನ್ನಡ' ಚಳವಳಿಯ ಕಡೆಯವರು ಅದನ್ನು ಬರಹದಿಂದ ಬಿಡೋಣ ಅನ್ನುವುದು ಇದಕ್ಕೇ. ಕೆಚುವಾದಲ್ಲಿ ಮಹಾಪ್ರಾಣ ನಿಜವಾಗಿ ಬೇಕು, ನಮ್ಮಲ್ಲಿ ಬೇಡ. ತಮಾಷೆ ನೋಡಿ.

ಹಳೇಮೇಷ್ಟ್ರು:
ಮಹಾಪ್ರಾಣದ ಜಗಳ ಇಲ್ಲಿಗೆ ತರಬೇಡ ಮಾರಾಯ. ಅದು ಶುರುವಾದರೆ ಕೆಚುವಾ ಮೂಲೆಗೆ ಬೀಳುತ್ತದೆ. ಆದರೆ ವೊಂದು–ಒಂದು ಉದಾಹರಣೆ ಚೆನ್ನಾಗಿದೆ, ಒಪ್ಪಿದೆ.

ದನಿಪೆಟ್ಟಿಗೆ:
@ಅಚ್ಚಗನ್ನಡಿಗ ನೀವು ಹೇಳಿದ್ದೇ ಮೂರು ಸ್ವರದವರ ವಾದ. ತಾನಾಗಿ ಬರುವುದನ್ನು ಬರೆಯುವ ಅಗತ್ಯ ಇಲ್ಲ. ಬರೆದರೆ ಇನ್ನೊಂದು ತೊಂದರೆಯೂ ಇದೆ. 'ಹಮ್ಪಿ' ಅಂದರೆ ಗುಣಪಡಿಸು. (ನಮ್ಮ ಹಂಪಿಗೆ ಸಂಬಂಧ ಇಲ್ಲ, ಕೇಳುವ ಮೊದಲೇ ಹೇಳಿಬಿಡುತ್ತೇನೆ.) ಅದಕ್ಕೆ ಕ಼ ಪ್ರತ್ಯಯ ಸೇರಿಸಿದರೆ 'ಹಮ್ಪಿಕ಼್', ಗುಣಪಡಿಸುವವನು. ಐದು ಸ್ವರದವರು ಇದನ್ನು 'ಹಮ್ಪೆಕ಼್' ಅಂತ ಬರೆಯಬೇಕು. ಒಂದೇ ಧಾತು, ಎರಡು ಕಾಗುಣಿತ. ಇಕಾರದಿಂದ ಮುಗಿಯುವ ಧಾತು ಎಷ್ಟಿವೆಯೋ ಅಷ್ಟಕ್ಕೂ ಹೀಗೇ.

ಐದು ಸ್ವರದವರನ್ನು ಸುಮ್ನೆ ತಳ್ಳಿಹಾಕಲೂ ಬಾರದು. ಎರಡೂ ಭಾಷೆ ಬಲ್ಲವರು ಸ್ಪ್ಯಾನಿಷ್ ಪದಗಳನ್ನು ಎ, ಒ ಸಮೇತ ಬಳಸುತ್ತಾರೆ. ಅಲ್ಲಿ ಪಕ್ಕದಲ್ಲಿ ಕ಼ ಇರುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಅಕ್ಷರ ಕಲಿತವರಿಗೆ 'ಸುನ್ಕ಼ು' ಅಂತ ನೋಡಿದರೆ ಅದು ತಮ್ಮ ಬಾಯಿಯ ಮಾತು ಅನಿಸುವುದಿಲ್ಲ. ಆ ಸಂಕಟ ಸುಳ್ಳಲ್ಲ.

ಇತಿಹಾಸ ಹೀಗಿದೆ. ಜನರಲ್ ಹುವಾನ್ ವೆಲಾಸ್ಕೊ ಅಲ್ವರಾಡೊ ಸರ್ಕಾರ 1975ರಲ್ಲಿ ಕೆಚುವಾಕ್ಕೆ ಸ್ಪ್ಯಾನಿಷ್ ಜೊತೆಗೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. ಆಗ ಬಂದ ಅಕ್ಷರಮಾಲೆಯಲ್ಲಿ ಐದು ಸ್ವರ ಇತ್ತು. 1985ರಲ್ಲಿ ಶಿಕ್ಷಣ ಇಲಾಖೆ ಮೂರಕ್ಕೆ ಇಳಿಸಿತು. ಕುಸ್ಕೊದ ಕೆಚುವಾ ಅಕಾಡೆಮಿ, 1953ರಷ್ಟು ಹಳೆಯದು, ಒಪ್ಪಲಿಲ್ಲ. ಅದು ಇವತ್ತಿಗೂ ಐದರ ಪರ. ಭಾಷಾವಿಜ್ಞಾನಿಗಳು, ಮುಖ್ಯವಾಗಿ ರೊಡೊಲ್ಫೊ ಸೆರ್ರೊನ್-ಪಲೊಮಿನೊ, ಮೂರರ ಪರ. ನಗರದ ಹೆಸರಿನಲ್ಲೇ ಜಗಳ ಕಾಣುತ್ತದೆ. ಕುಸ್ಕೊ ನಗರಸಭೆ 1990ರಲ್ಲಿ ಊರಿನ ಹೆಸರನ್ನು 'ಕ಼ೊಸ್ಕ಼ೊ' ಮಾಡಿತು. ಮೂರು ಸ್ವರದಲ್ಲಿ ಬರೆದರೆ 'ಕ಼ುಸ್ಕ಼ು' ಆಗಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ ಮೂರೇ ಸರಿ. ಎ, ಒ ಬೇರೆ ಅಂತ ಮೊದಲು ಕೇಳಿಸಿಕೊಂಡವರು ಸ್ಪ್ಯಾನಿಷ್ ಕಿವಿಯವರು. ಅವರ ಕಿವಿಯಲ್ಲಿ ಐದು ಮನೆ ಇತ್ತು, ಐದಕ್ಕೂ ತುಂಬಿಸಿದರು. ಕ ಮತ್ತು ಕ಼ ನಡುವಿನ ವ್ಯತ್ಯಾಸಕ್ಕೆ ಅವರ ಕಿವಿಯಲ್ಲಿ ಮನೆ ಇರಲಿಲ್ಲ, ಅದನ್ನು ಬಿಟ್ಟರು. ಪಾದ್ರಿ ಡೊಮಿಂಗೊ ದೆ ಸಾಂತೊ ತೊಮಾಸ್ 1560ರಲ್ಲಿ ಕೆಚುವಾದ ಮೊದಲ ವ್ಯಾಕರಣ ಅಚ್ಚು ಹಾಕಿಸಿದರು. 1584ರಲ್ಲಿ ಪೆರುವಿನ ರಾಜಧಾನಿ ಲಿಮಾದಲ್ಲಿ ಸ್ಪ್ಯಾನಿಷ್, ಕೆಚುವಾ ಮತ್ತು ನೆರೆಯ ಭಾಷೆ ಐಮಾರಾ, ಮೂರರಲ್ಲೂ ಧರ್ಮಬೋಧೆಯ ಪುಸ್ತಕ ಬಂತು. ದಕ್ಷಿಣ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕ ಅದು. ಅದರ ಕೆಚುವಾದಲ್ಲಿ ತ, ಥ, ತ' ಎಲ್ಲಕ್ಕೂ ಒಂದೇ ಅಕ್ಷರ. ಆಮೇಲೆ 1608ರ ನಿಘಂಟಿನಲ್ಲಿ ಗೊನ್ಸಾಲೆಸ್ ಓಲ್ಗಿನ್ ಎಂಬ ಜೆಸ್ಯುಯಿಟ್ ಪಾದ್ರಿ ಅಕ್ಷರಗಳನ್ನು ಒತ್ತೊತ್ತಾಗಿ ಬರೆದು ವ್ಯತ್ಯಾಸ ತೋರಿಸಲು ನೋಡಿದರು. ಅವರ ಕಿವಿ ಚುರುಕು.

ಮಳೆಕಾಡು:
ಅಂದರೆ ಇದ್ದ ವ್ಯತ್ಯಾಸ ಬಿಟ್ಟು, ಇಲ್ಲದ ವ್ಯತ್ಯಾಸ ಬರೆದರು!

ಗುಮ್ಮಟನಗರಿ:
ಅಲ್ಲಿ ಇದಕ್ಕೆ ಯಾರಾದರೂ ಜನರನ್ನು ಆಡಿಕೊಳ್ಳುತ್ತಾರಾ? ನಮ್ಮ 'ಖಲಂ' ಥರ?

ದನಿಪೆಟ್ಟಿಗೆ:
ಆಡಿಕೊಳ್ಳುತ್ತಾರೆ, ಬಹಳ ಕ್ರೂರವಾಗಿ. ಮನೆಮಾತು ಕೆಚುವಾ ಆದವರು ಸ್ಪ್ಯಾನಿಷ್ ಮಾತಾಡುವಾಗ ಇ–ಎ, ಉ–ಒ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ. ಸ್ಪ್ಯಾನಿಷ್‌ನಲ್ಲಿ 'ಮೆಸಾ' ಮೇಜು, 'ಮಿಸಾ' ಚರ್ಚಿನ ಪೂಜೆ. 'ಪೆಸೊ' ತೂಕ, 'ಪಿಸೊ' ನೆಲ. ಇದು ಅದಲು ಬದಲಾದರೆ ಲಿಮಾದ ಜನ 'ಮೊತೊಸೊ' ಅಂತ ಹಂಗಿಸುತ್ತಾರೆ. ಈ ಹೆದರಿಕೆಗೆ ಎಷ್ಟೋ ತಾಯಿತಂದೆ ಮಕ್ಕಳಿಗೆ ಕೆಚುವಾ ಕಲಿಸುವುದನ್ನೇ ನಿಲ್ಲಿಸಿದ್ದಾರೆ. ಇಲಾರಿಯಾ ಸುಪಾ ಅಂತ ಕುಸ್ಕೊ ಕಡೆಯ ಸಂಸದೆ ಇದ್ದರು, 2006ರಲ್ಲಿ ಸಂಸತ್ತಿನಲ್ಲಿ ಕೆಚುವಾದಲ್ಲೇ ಪ್ರಮಾಣವಚನ ತೆಗೆದುಕೊಂಡವರು. 2009ರಲ್ಲಿ ಲಿಮಾದ ಪತ್ರಿಕೆಯೊಂದು ಅವರು ಕೈಯಲ್ಲಿ ಬರೆದುಕೊಂಡಿದ್ದ ಟಿಪ್ಪಣಿಯ ಫೋಟೊವನ್ನು ಮುಖಪುಟದಲ್ಲಿ ಹಾಕಿ ಸ್ಪ್ಯಾನಿಷ್ ಕಾಗುಣಿತ ತಪ್ಪು ಅಂತ ಲೇವಡಿ ಮಾಡಿತು. ಅವರಿಗೆ ಸ್ಪ್ಯಾನಿಷ್ ಎರಡನೇ ಭಾಷೆ. ಆ ಸಂಪಾದಕರು ಕ, ಖ, ಕ' ಬೇರೆ ಬೇರೆ ಮಾಡಿ ಹೇಳಿ ತೋರಿಸಲಿ ನೋಡೋಣ.

ಅಚ್ಚಗನ್ನಡಿಗ:
ನಮ್ಮಲ್ಲಿ ಹಾಲಿಗೆ 'ಆಲು' ಅಂದವರನ್ನು ಟಿವಿಯಲ್ಲಿ ಕಾಮಿಡಿ ಮಾಡಿ ನಗುವುದಿಲ್ವಾ? ಅದೇ ಕಾಯಿಲೆ.

ಕಪ್ಪೆಚಿಪ್ಪು:
ಅದೇನೋ ಸರಿ. ಆದರೂ ಸ್ವರದ ವಿಷಯದಲ್ಲಿ ನಾನು ಅಕಾಡೆಮಿ ಕಡೆಗೇ. ಅಲ್ಲಿಯ ಜನ ಶಾಲೆಯಲ್ಲಿ ಸ್ಪ್ಯಾನಿಷ್ ಓದಿದವರು, ಅವರಿಗೆ ಐದು ಅಕ್ಷರ ಗೊತ್ತು. ಗೊತ್ತಿರುವುದನ್ನು ಬಿಡಿಸಿ ಯಾಕೆ ಗೊಂದಲ ಮಾಡಬೇಕು? ಬರೆಯುವವನಿಗೆ ಸುಲಭ ಆಗಲಿ.

ದನಿಪೆಟ್ಟಿಗೆ:
ಒಪ್ಪದಿದ್ದರೂ ಅಡ್ಡಿಯಿಲ್ಲ, ಅಲ್ಲಿಯವರೇ ಒಪ್ಪಿಲ್ಲ.

ಹಳೇಮೇಷ್ಟ್ರು:
ನನಗೊಂದು ಕುತೂಹಲ. ಅಮ್ಹಾರಿಕ್‌ನಲ್ಲಿ ಒಂದೇ ಪದದಲ್ಲಿ ಸಿಡಿಯುವ ಸದ್ದು ಎರಡು ಸಲ ಬರುವುದೂ ಉಂಟು. ಕೆಚುವಾದಲ್ಲಿ ನೀವು ಕೊಟ್ಟ ಉದಾಹರಣೆಗಳಲ್ಲೆಲ್ಲ ಒಂದೇ ಇದೆ. ಆಕಸ್ಮಿಕವಾ?

ದನಿಪೆಟ್ಟಿಗೆ:
ಮೇಷ್ಟ್ರೇ, ಚೆನ್ನಾಗಿ ಹಿಡಿದಿರಿ. ಆಕಸ್ಮಿಕ ಅಲ್ಲ, ನಿಯಮ. ಒಂದು ಧಾತುವಿನಲ್ಲಿ ಮಹಾಪ್ರಾಣವೋ ಸಿಡಿಯುವ ಸದ್ದೋ ಒಂದೇ ಒಂದು. ಎರಡೂ ಒಟ್ಟಿಗೆ ಇರುವುದಿಲ್ಲ. ಅದೂ ಧಾತುವಿನಲ್ಲಿ ಸ್ವರಕ್ಕೆ ಮುಂಚೆ ಬರುವ ಮೊದಲ ಸ್ಪರ್ಶಕ್ಕೇ (ಸ್ಪರ್ಶ ಅಂದರೆ ಪ, ತ, ಚ, ಕ ಥರ ಬಾಯಲ್ಲಿ ದಾರಿ ಮುಚ್ಚಿ ಬಿಡುವ ವ್ಯಂಜನ). ತ'ನ್ತ ಇದೆ, 'ತನ್ತ'' ಇರಲಾರದು. 'ಲ್ಯಂಕ'ಯ್' (ಕೆಲಸ ಮಾಡು) ಪದದಲ್ಲಿ ಮೊದಲ ಸ್ಪರ್ಶ ಕಕಾರವೇ, ಹಾಗಾಗಿ ಅಲ್ಲಿ ಬಂದಿದೆ. ಪ್ರತ್ಯಯಗಳಲ್ಲಿ ಇವು ಬರುವುದೇ ಇಲ್ಲ ಅನ್ನಬಹುದು.

ಸಂಸ್ಕೃತ ಓದಿದವರಿಗೆ ಇದು ಪರಿಚಯ. 'ಭಭೂವ' ಅನ್ನುವುದಿಲ್ಲ, 'ಬಭೂವ'. 'ಧಧಾತಿ' ಅಲ್ಲ, 'ದಧಾತಿ'. ಅಲ್ಲಿ ಎರಡು ಮಹಾಪ್ರಾಣ ಬಂದರೆ ಮೊದಲನೆಯದು ಬಿಟ್ಟುಕೊಡುತ್ತದೆ. ಕೆಚುವಾದಲ್ಲಿ ಮೊದಲನೆಯದೇ ಉಳಿಸಿಕೊಳ್ಳುತ್ತದೆ. ಎರಡಕ್ಕೂ ಸಂಬಂಧ ಏನೂ ಇಲ್ಲ, ಬಾಯಿ ಮಾತ್ರ ಎಲ್ಲರದೂ ಒಂದೇ.

ಇದರಲ್ಲಿ ಪಕ್ಕದ ಐಮಾರಾ ಭಾಷೆಯ ಕಥೆಯೂ ಇದೆ. ಟಿಟಿಕಾಕಾ ಸರೋವರದ ಸುತ್ತಲಿನ ಭಾಷೆ ಅದು. ಅದರಲ್ಲೂ ಇದೇ 15 ಸ್ಪರ್ಶಗಳು, ಇದೇ ಮೂರು ಸ್ವರ. ಅಲ್ಲಿ ಬ್ರೆಡ್ಡಿಗೆ 'ತ'ನ್ತ'', ಎರಡು ಸಿಡಿತ! ಸವೆದದ್ದಕ್ಕೆ 'ಥನ್ಥ', ಎರಡು ಮಹಾಪ್ರಾಣ. ಕುಸ್ಕೊ ಮತ್ತು ಬೊಲಿವಿಯಾ, ಅಂದರೆ ಐಮಾರಾ ನೆರೆಹೊರೆ ಇರುವ ಕಡೆ, ಕೆಚುವಾದಲ್ಲಿ ಸಿಡಿಯುವ ಸದ್ದು ಇದೆ. ಅಯಾಕುಚೊದಲ್ಲಿ ಇಲ್ಲ, ಅಲ್ಲಿ ಬ್ರೆಡ್ ಬರೀ 'ತನ್ತ'. ಇಂಥ ಸದ್ದಿರುವ ಪದಗಳಲ್ಲಿ ಬಹಳಷ್ಟು ಐಮಾರಾದಲ್ಲೂ ಸಿಗುತ್ತವೆ. ಹಾಗಾಗಿ ಕೆಚುವಾ ಇದನ್ನು ಐಮಾರಾ ಕುಟುಂಬದಿಂದ ಪಡೆದುಕೊಂಡಿತು ಅಂತ ಬಹಳ ಜನ ಹೇಳುತ್ತಾರೆ. ಮೂಲ ಕೆಚುವಾದಲ್ಲೇ ಇತ್ತು, ಉಳಿದ ಕಡೆ ಕಳೆದುಹೋಯಿತು ಅನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಹೆಚ್ಚು ನಂಬುವಂತೆ ಕಾಣುತ್ತದೆ, ಏಕೆಂದರೆ ಪ್ರತ್ಯಯಗಳಲ್ಲಿ ಇಲ್ಲ. ಪದ ಸಾಲ ತರುವುದು ಸುಲಭ, ಪ್ರತ್ಯಯ ತರುವುದು ಕಷ್ಟ.

ಕೆಲವು ಪದಗಳು ಮಾತ್ರ ಸದ್ದನ್ನೇ ಅನುಕರಿಸಿ ಹುಟ್ಟಿದ ಹಾಗಿವೆ. 'ಫುಕುಯ್' ಊದು, 'ಥುಕ಼ಯ್' ಉಗುಳು, 'ತ'ುಕ಼್ಯಯ್' ಸಿಡಿ.

ಗುಮ್ಮಟನಗರಿ:
ಥುಕ಼ಯ್! ನಮ್ಮಲ್ಲೂ 'ಥೂಕ್'. ಸಂಬಂಧ ಇಲ್ಲ ಅಂತ ಗೊತ್ತು, ಆದರೂ ಖುಷಿಯಾಯ್ತು.

ಕಪ್ಪೆಚಿಪ್ಪು:
ಇಷ್ಟು ವ್ಯಂಜನ ಇರುವ ಭಾಷೆ ಆ ಕಡೆ ಬೇರೆ ಇಲ್ಲ ಅನಿಸುತ್ತೆ.

ದನಿಪೆಟ್ಟಿಗೆ:
ಇದೆ. ಐಮಾರಾದ ತಂಗಿ ಹಕಾರು, ಲಿಮಾ ಪ್ರಾಂತದ ಬೆಟ್ಟದ ಮೇಲೆ ತುಪೆ ಅನ್ನುವ ಊರಿನ ಭಾಷೆ. 36 ವ್ಯಂಜನ, ಸ್ವರ ಮೂರೇ. ಅದಕ್ಕೆ ಬೇರೆಯೇ ಚರ್ಚೆ ತೆರೆಯೋಣ.

ಮಳೆಕಾಡು:
ಕೊನೆಗೆ ಒಂದು ಉಪಯೋಗದ ಪ್ರಶ್ನೆ. ನಿಘಂಟಿನಲ್ಲಿ ಪದ ಹುಡುಕುವುದು ಹೇಗೆ? ಒಂದೊಂದರಲ್ಲಿ ಒಂದೊಂದು ಕಾಗುಣಿತ.

ದನಿಪೆಟ್ಟಿಗೆ:
ಒಕಾರದಲ್ಲಿ ಸಿಗದಿದ್ದರೆ ಉಕಾರದಲ್ಲಿ ನೋಡಿ, ಎಕಾರದಲ್ಲಿ ಸಿಗದಿದ್ದರೆ ಇಕಾರದಲ್ಲಿ. ಪುಸ್ತಕ ಅಯಾಕುಚೊದ್ದಾದರೆ ' ಗುರುತು ಮತ್ತು ಮಹಾಪ್ರಾಣ ತೆಗೆದು ಹುಡುಕಿ. ಹಗಲಿಗೆ ಕುಸ್ಕೊದಲ್ಲಿ 'ಪ'ುನ್ಚಯ್', ಅಯಾಕುಚೊದಲ್ಲಿ 'ಪುನ್ಚವ್'. ಬೊಲಿವಿಯಾದ ಪುಸ್ತಕವಾದರೆ ಹಕಾರಕ್ಕೆ ಎಚ್ ಬದಲು ಜೆ ಅಕ್ಷರ ಇರುತ್ತದೆ, ಸ್ಪ್ಯಾನಿಷ್ ರೂಢಿ. ದೊಡ್ಡದು ಅನ್ನುವ 'ಹತುನ್' ಅಲ್ಲಿ ಜೆ ಅಡಿಯಲ್ಲಿ ಸಿಗುತ್ತದೆ.

ಮತ್ತೆ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರಕ್ಕೆ. ಪ್ರತ್ಯಯ ಸೇರಿದ ಹಾಗೆಲ್ಲ ಒತ್ತು ಮುಂದಕ್ಕೆ ಜರುಗುತ್ತದೆ. 'ಅರಿ' (ಹೌದು) ಥರದ ಕೆಲವು ಪದಗಳಲ್ಲಿ ಮಾತ್ರ ಕೊನೆಗೆ ಒತ್ತುತ್ತಾರೆ.

ಮಳೆಕಾಡು:
ಅರಿ! ಪ' ಇನ್ನೂ ಬಂದಿಲ್ಲ ಮೇಷ್ಟ್ರೇ. ಮನೆಯಲ್ಲಿ ಯಾರಿಗೋ ಬಿಕ್ಕಳಿಕೆ ಅಂತ ನೀರು ತಂದುಕೊಟ್ಟರು.